ಕೌದಿ ಹೊಲಿಯುವವರ ಇಸ್ತ್ರಿ ಪೆಟ್ಟಿಗೆ: ಆರಿಸುವುದು, ಒತ್ತುವುದು, ಕಾಪಾಡುವುದು

ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಮಾಡುವ ಹೊದಿಕೆಯೇ ಕೌದಿ. ಕೈಯಲ್ಲೇ ಹೊಲಿಯುವ ಕೌದಿಗೆ ಇಸ್ತ್ರಿ ಪೆಟ್ಟಿಗೆಯ ಹಂಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕವಂದಿ (ಕೌದಿಗೆ ಅವರ ಹೆಸರು) ಹೊಲಿಯುವಾಗ ತುಂಡಿನ ಅಂಚನ್ನು ಬೆರಳಲ್ಲೇ ಮಡಚಿ, ಕೆಳಗಿನ ಬಟ್ಟೆಗೆ ಸೇರಿಸಿ ಹೊಲಿಯುತ್ತಾ ಅಂಚಿನಿಂದ ನಡುವಿಗೆ ಬರುತ್ತಾರೆ. ಒಂದು ತುಂಡು ಕೊಂಚ ಓರೆಯಾದರೂ ಪಕ್ಕದ ತುಂಡು ಅದನ್ನು ಸರಿದೂಗಿಸಿಬಿಡುತ್ತದೆ.

ಮಷೀನಿನಲ್ಲಿ ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ, ಮೇಲ್ಪದರ ಪೂರ್ತಿಯಾದ ಮೇಲೆ ಒಳಪದರಕ್ಕೆ ಕೂಡಿಸುವ ಪದ್ಧತಿಯಲ್ಲಿ ಈ ರಿಯಾಯಿತಿ ಇಲ್ಲ. ಹೊಲಿಗೆಯಿಂದಾಚೆ ಅಂಚಿನಲ್ಲಿ ಕಾಲು ಇಂಚು ಬಟ್ಟೆ, ಅಂದರೆ ಮಾರ್ಜಿನ್, ಬಿಟ್ಟು 20 ತುಂಡುಗಳ ಒಂದು ಸಾಲು ಹೊಲಿದರೆ ಅದರಲ್ಲಿ 19 ಹೊಲಿಗೆಗಳಿರುತ್ತವೆ. ಪ್ರತಿ ಹೊಲಿಗೆಯ ಹತ್ತಿರ ಬಟ್ಟೆ ಪೂರ್ತಿ ಬಿಚ್ಚಿಕೊಳ್ಳದೆ ಬರೀ 1 ಮಿ.ಮೀ. ಮಡಿಕೆ ಉಳಿದರೂ ಸಾಲು 19 ಮಿ.ಮೀ., ಅಂದರೆ ಮುಕ್ಕಾಲು ಇಂಚು, ಗಿಡ್ಡವಾಗುತ್ತದೆ. ಪಕ್ಕದ ಸಾಲಿನಲ್ಲಿ ಅಷ್ಟೇ ಮಡಿಕೆ ಉಳಿದಿರುವುದಿಲ್ಲ. ಮೂಲೆಗಳು ಕೂಡುವುದಿಲ್ಲ. ಹೊಲಿಗೆ ಸರಿಯಾಗಿದ್ದರೂ ಕೌದಿ ಸೊಟ್ಟಗಾಗುವುದು ಬಹುಪಾಲು ಇಸ್ತ್ರಿಯ ಹಲಗೆಯ ಮೇಲೆ.

ಹಾಗಾಗಿ ಈ ಕೆಲಸದ ಪೆಟ್ಟಿಗೆಯನ್ನು ಅಂಗಿ, ಪ್ಯಾಂಟಿನ ಪೆಟ್ಟಿಗೆಯ ಲೆಕ್ಕದಲ್ಲಿ ಕೊಳ್ಳಬಾರದು. ಅಂಗಿಗೆ ಜಾರಿಕೆ ಬೇಕು, ಹಬೆ ಬೇಕು. ಕೌದಿಗೆ ಬೇಕಾದದ್ದು ಸಪಾಟಾದ ತಳ, ಏರುಪೇರಿಲ್ಲದ ಶಾಖ, ಸಾಕಷ್ಟು ತೂಕ, ಚೂಪು ಮೂತಿ. ಹಬೆ ಇದ್ದರೆ ಇರಲಿ, ಇಲ್ಲದಿದ್ದರೆ ಏನೂ ಕೊರತೆಯಿಲ್ಲ. ಒಂದು ಸ್ಪ್ರೇ ಬಾಟಲಿ ಆ ಕೆಲಸ ಮಾಡುತ್ತದೆ.

ಅಂಗಡಿಯಲ್ಲಿ

ಮೊದಲು ವ್ಯಾಟ್ ನೋಡಿ. ಹಬೆ ಇಲ್ಲದ ಪೆಟ್ಟಿಗೆಗಳು, ಅಂದರೆ ಡ್ರೈ ಐರನ್‌ಗಳು, ಸಾಮಾನ್ಯವಾಗಿ 750 ಮತ್ತು 1000 ವ್ಯಾಟ್‌ನಲ್ಲಿ ಸಿಗುತ್ತವೆ. ಎರಡೂ ಒಂದೇ ಶಾಖ ಮುಟ್ಟುತ್ತವೆ, ಯಾಕೆಂದರೆ ಶಾಖ ಎಷ್ಟಿರಬೇಕೆಂದು ತೀರ್ಮಾನಿಸುವುದು ಥರ್ಮೋಸ್ಟಾಟ್. ವ್ಯತ್ಯಾಸವಿರುವುದು ಚೇತರಿಕೆಯಲ್ಲಿ. ಒದ್ದೆ ಹತ್ತಿಯ ಮೇಲೆ ಒತ್ತಿದ ಪ್ರತಿ ಸಲ ತಳ ತಣ್ಣಗಾಗುತ್ತದೆ, ಮತ್ತೆ ಬಿಸಿಯೇರಲು ಹೊತ್ತು ಬೇಕು. ವೋಲ್ಟೇಜ್ ಕಡಿಮೆ ಬರುವ ಊರುಗಳಲ್ಲಿ ಇದು ಇನ್ನೂ ಕಾಡುತ್ತದೆ. ಎಲಿಮೆಂಟಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 230 ವೋಲ್ಟಿಗೆ 1000 ವ್ಯಾಟ್ ಎಳೆಯುವ ಪೆಟ್ಟಿಗೆ 180 ವೋಲ್ಟಿನಲ್ಲಿ ಸುಮಾರು 613 ವ್ಯಾಟ್ ಮಾತ್ರ ಕೊಡುತ್ತದೆ. 750ರದ್ದು 460ಕ್ಕೆ ಇಳಿಯುತ್ತದೆ. ಬೇಸಿಗೆಯ ಸಂಜೆ ಹೊಲಿಗೆಗೆ ಕೂರುವವರು 1000 ವ್ಯಾಟ್‌ನದನ್ನೇ ಕೊಳ್ಳಲಿ.

ಹಬೆಯ ಪೆಟ್ಟಿಗೆಗಳು 1200ರಿಂದ 2400 ವ್ಯಾಟ್‌ವರೆಗೂ ಇವೆ. ಗೋಡೆಯ ಸಣ್ಣ ಸಾಕೆಟ್ 6 ಆಂಪಿಯರಿನದು, 230 ವೋಲ್ಟಿನಲ್ಲಿ 1380 ವ್ಯಾಟ್ ಅದರ ಮಿತಿ. 2000 ವ್ಯಾಟ್ ಪೆಟ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ದೊಡ್ಡ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್ಟಿಗೆ ಹಾಕುವ ಅಭ್ಯಾಸದಿಂದ ಸಾಕೆಟ್ಟಿನೊಳಗಿನ ಹಿತ್ತಾಳೆ ಕಾದು, ಸಡಿಲಾಗಿ, ಕೊನೆಗೆ ಪ್ಲಾಸ್ಟಿಕ್ ಕರಗುತ್ತದೆ. ಹೊಲಿಗೆ ಮಷೀನು, ದೀಪ, ಇಸ್ತ್ರಿ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ. ಕರೆಂಟು ಹೋದಾಗ ಮನೆಯ ಇನ್ವರ್ಟರಿನ ಮೇಲೆ ಇಸ್ತ್ರಿ ಓಡಿಸುವ ಯೋಚನೆಯೂ ಬೇಡ, ಸಾಮಾನ್ಯ ಇನ್ವರ್ಟರು ಆ ಹೊರೆ ಹೊರುವುದಿಲ್ಲ.

ತೂಕದ ಬಗ್ಗೆ ಒಂದು ಮಾತು. ಹಗುರ ಡ್ರೈ ಐರನ್ ಒಂದು ಕಿಲೋದ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಹೊಲಿಗೆ ಕೂರಬೇಕಾದರೆ ಕೈಯಿಂದ ಒತ್ತಬೇಕು, ನೂರಾರು ತುಂಡು ಒತ್ತಿದ ಮೇಲೆ ಮಣಿಕಟ್ಟು ನೋಯುತ್ತದೆ. ಒಂದೂವರೆ ಕಿಲೋದಿಂದ ಎರಡು ಕಿಲೋ ಇರುವ ಹೆವಿ ವೇಟ್ ಮಾದರಿಯಾದರೆ ತನ್ನ ಭಾರದಿಂದಲೇ ಒತ್ತುತ್ತದೆ, ನಾವು ಎತ್ತಿಡುವುದಷ್ಟೇ. ಭುಜ, ಮಣಿಕಟ್ಟಿನ ನೋವಿರುವವರಿಗೆ ಅಷ್ಟು ಭಾರ ಎತ್ತುವುದೇ ಕಷ್ಟ. ಅವರು ಹಗುರದ್ದನ್ನು ಕೊಂಡು, ಒತ್ತಿದ ಜಾಗದ ಮೇಲೆ ತಕ್ಷಣ ಒಂದು ಗಟ್ಟಿ ಮರದ ತುಂಡನ್ನು ಹೇರಿ ಹತ್ತು ಸೆಕೆಂಡು ಬಿಡುವುದು ಒಳ್ಳೆಯದು. ಬಣ್ಣ, ಪಾಲಿಶ್ ಇಲ್ಲದ, ನುಣುಪಾಗಿ ಉಜ್ಜಿದ, ಬಣ್ಣ ಬಿಡದ ಮರವಾಗಬೇಕು. ಮರ ಬಿಸಿಯನ್ನೂ ತೇವವನ್ನೂ ಹಿಡಿದಿಟ್ಟುಕೊಂಡು ಹೊಲಿಗೆಯನ್ನು ಕೂರಿಸುತ್ತದೆ.

ತಳದಲ್ಲಿ ನಾನ್‌ಸ್ಟಿಕ್, ಸೆರಾಮಿಕ್, ಸ್ಟೀಲ್, ಬರೀ ಅಲ್ಯೂಮಿನಿಯಂ ಎಂಬ ಬಗೆಗಳಿವೆ. ನಾನ್‌ಸ್ಟಿಕ್ ಗಂಜಿಯನ್ನೂ ಅಂಟನ್ನೂ ಅಷ್ಟಾಗಿ ಹಿಡಿಯುವುದಿಲ್ಲ, ಆದರೆ ಗುಂಡುಪಿನ್ನಿನ ಮೇಲೆ ಒಂದು ಸಲ ಹಾಯ್ದರೆ ಗೀರು ಬೀಳುತ್ತದೆ, ಆ ಗೀರಿಗೆ ಮುಂದೆ ಎಲ್ಲವೂ ಅಂಟುತ್ತದೆ. ಪಿನ್ ಚುಚ್ಚಿಕೊಂಡೇ ಇಸ್ತ್ರಿ ಮಾಡುವ ಕೈಗೆ ಸ್ಟೀಲ್ ತಳ ವಾಸಿ. ಹಬೆಯ ತೂತುಗಳು ಕಡಿಮೆ ಇದ್ದಷ್ಟೂ ನಮಗೆ ಅನುಕೂಲ, ತೂತಿರುವ ಕಡೆ ತಳ ಬಟ್ಟೆಗೆ ತಾಗುವುದಿಲ್ಲ.

ಡಬ್ಬಿಯಿಂದ ತೆಗೆಸಿ ಎರಡು ಪರೀಕ್ಷೆ ಮಾಡಿ. ತಣ್ಣಗಿರುವ ತಳದ ಮೇಲೆ ಸ್ಟೀಲ್ ಸ್ಕೇಲಿನ ಅಂಚನ್ನು ಉದ್ದಕ್ಕೂ ಅಡ್ಡಕ್ಕೂ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಸಂದು ಕಂಡರೆ ಬೇರೆ ಪೀಸ್ ಕೇಳಿ. ಆಮೇಲೆ ಪೆಟ್ಟಿಗೆಯನ್ನು ಹಿಮ್ಮಡಿಯ ಮೇಲೆ ನಿಲ್ಲಿಸಿ ಮೇಜನ್ನು ಸ್ವಲ್ಪ ಅಲುಗಿಸಿ. ಕೌದಿಯ ಕೆಲಸದಲ್ಲಿ ಪೆಟ್ಟಿಗೆ ಒತ್ತುವುದಕ್ಕಿಂತ ನಿಂತಿರುವ ಹೊತ್ತೇ ಹೆಚ್ಚು, ವಾಲುವ ಪೆಟ್ಟಿಗೆ ಒಂದು ದಿನ ಬೀಳುತ್ತದೆ. ವೈರ್ ಬುಡದಲ್ಲಿ ಸುತ್ತಲೂ ತಿರುಗುವಂತಿರಲಿ, ಉದ್ದ ಎರಡು ಮೀಟರಿನ ಹತ್ತಿರವಿರಲಿ.

ಐಎಸ್‌ಐ ಗುರುತು ವಿದ್ಯುತ್ ಇಸ್ತ್ರಿಗೆ ಕಡ್ಡಾಯ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಗೆ ಕೊಟ್ಟದ್ದೆಂದು ತೋರಿಸುತ್ತದೆ. ಸಂತೆಯ ಅಗ್ಗದ ಪೆಟ್ಟಿಗೆಯಲ್ಲಿ ಗುರುತು ಅಚ್ಚಾಗಿದ್ದು ಸಂಖ್ಯೆ ಇಲ್ಲದಿದ್ದರೆ ಕೊಳ್ಳಬೇಡಿ.

ಆಟೋ ಶಟ್‌ಆಫ್ ಬೇಕೋ ಬೇಡವೋ ಎಂಬುದು ನಿಮ್ಮ ಮನೆಯ ಮೇಲೆ ನಿಂತಿದೆ. ಇಂಥ ಪೆಟ್ಟಿಗೆಗಳು ಅಲುಗಾಡದೆ ಮಲಗಿದ್ದರೆ ಅರ್ಧ ನಿಮಿಷದಲ್ಲಿ, ನಿಂತಿದ್ದರೆ ಎಂಟು ನಿಮಿಷದ ಸುಮಾರಿಗೆ ಆರುತ್ತವೆ. ಹತ್ತು ನಿಮಿಷ ಹೊಲಿದು ಎದ್ದು ಬಂದರೆ ತಳ ತಣ್ಣಗಿರುತ್ತದೆ, ಕೆಲಸ ಕುಂಟುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ, ಮರೆವಿನ ಸ್ವಭಾವವಿದ್ದರೆ, ಆ ಕುಂಟುವಿಕೆಯನ್ನು ಸಹಿಸಿಕೊಳ್ಳಿ.

ಮನೆಗೆ ತಂದ ದಿನ

ಡಯಲನ್ನು ಹತ್ತಿಗೆ ತಿರುಗಿಸಿ, ದೀಪ ಒಂದು ಸಲ ಆರಿ ಮತ್ತೆ ಹತ್ತಿ ಮತ್ತೆ ಆರುವವರೆಗೆ ಕಾಯಿರಿ. ಮೊದಲ ಸಲ ದೀಪ ಆರಿದಾಗ ತಳ ಗೊತ್ತುಪಡಿಸಿದ ಶಾಖವನ್ನು ದಾಟಿ ಹೋಗಿರುತ್ತದೆ. ಎರಡನೆಯ ಸುತ್ತಿನಲ್ಲಿ ಸಮಕ್ಕೆ ಬರುತ್ತದೆ, ನಾಜೂಕು ಬಟ್ಟೆಗೆ ಈ ಕಾಯುವಿಕೆ ಯಾವಾಗಲೂ ಬೇಕು. ಬಿಳಿ ಹತ್ತಿಯ ತುಂಡನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಲಗೆಯ ಮೇಲೆ ಹರಡಿ ಐದು ಸೆಕೆಂಡು ಪೆಟ್ಟಿಗೆ ಇಟ್ಟು ಎತ್ತಿ. ತಳದ ಆಕಾರ ಒಣಗಿ ಕಾಣುತ್ತದೆ. ಎಲ್ಲಿ ಇನ್ನೂ ಒದ್ದೆ ಉಳಿದಿದೆಯೋ ಅದು ತಣ್ಣನೆಯ ಜಾಗ. ಅಂಚಿನಲ್ಲಿ ತುಸು ಉಳಿದರೆ ಸಹಜ. ಮೂತಿಯೇ ಒದ್ದೆ ಉಳಿದಿದ್ದರೆ ಪೆಟ್ಟಿಗೆಯನ್ನು ವಾಪಸ್ ಕೊಡಿ, ಏಕೆಂದರೆ ಮಾರ್ಜಿನ್ ಬಿಚ್ಚುವುದು ಮೂತಿಯಿಂದಲೇ. ಇನ್ನೊಂದು ಬಿಳಿ ತುಂಡನ್ನು ಒಣದಾಗಿಯೇ ಹತ್ತು ಸೆಕೆಂಡು ಒತ್ತಿ, ಅದು ಹಳದಿಗೆ ತಿರುಗಿದರೆ ಥರ್ಮೋಸ್ಟಾಟ್ ಹೆಚ್ಚಿಗೆ ಬಿಸಿ ಬಿಡುತ್ತಿದೆ ಎಂದು ಅರ್ಥ.

ಉಜ್ಜುವುದಲ್ಲ, ಒತ್ತುವುದು

ಹಲಗೆ ಮೆತ್ತಗಿದ್ದರೆ ಯಾವ ಪೆಟ್ಟಿಗೆಯೂ ಕೆಲಸಕ್ಕೆ ಬಾರದು. ಸ್ಪಂಜು ಹಾಕಿದ ಮಡಚುವ ಸ್ಟ್ಯಾಂಡು ಅಂಗಿಗೆ ಸರಿ, ತುಂಡುಗಳಿಗಲ್ಲ. ಗಟ್ಟಿ ಪ್ಲೈವುಡ್ ಮೇಲೆ ಕುರಿ ಉಣ್ಣೆಯ ಕಂಬಳಿಯನ್ನು ಎರಡು ಮಡಿಕೆ ಹಾಸಿ, ಮೇಲೆ ತೊಳೆದ ಬಿಳಿ ಹತ್ತಿ ಬಟ್ಟೆ ಬಿಗಿದು ಕಟ್ಟಿ. ಹೊರದೇಶದ ಕ್ವಿಲ್ಟ್ ಹೊಲಿಯುವವರು ದುಡ್ಡು ಕೊಟ್ಟು ಕೊಳ್ಳುವ ಉಣ್ಣೆಯ ಮ್ಯಾಟ್ ಮಾಡುವುದೂ ಇದನ್ನೇ. ಚಳ್ಳಕೆರೆ ಕಡೆಯ ಕರಿ ಕಂಬಳಿ ಶಾಖ ಹಿಡಿದು ತಳಗಡೆಯಿಂದಲೂ ಒತ್ತುತ್ತದೆ. ಅಕ್ರಿಲಿಕ್ ಹೊದಿಕೆಯನ್ನು ಕಂಬಳಿಯೆಂದು ತಿಳಿದು ಹಾಸಬೇಡಿ, ಅದು ಕರಗುತ್ತದೆ. ಕಂಬಳಿ ತೇವ ಹೀರುವುದರಿಂದ ಕೆಲಸ ಮುಗಿದ ಮೇಲೆ ಮಡಿಕೆ ಬಿಚ್ಚಿ ಒಣಗಿಸಿ, ಪಾಲಿಶ್ ಮಾಡಿದ ಊಟದ ಮೇಜಿನ ಮೇಲೆ ನೇರವಾಗಿ ಹಾಸಿದರೆ ಮೇಜಿನ ಮೇಲೆ ಬಿಳಿ ಮಚ್ಚೆ ಬೀಳುತ್ತದೆ.

ಈಗ ಕ್ರಮ. ಹೊಲಿದ ಎರಡು ತುಂಡನ್ನು ಬಿಚ್ಚದೆ, ಮಷೀನಿನಿಂದ ಬಂದ ಹಾಗೆಯೇ ಹಲಗೆಯ ಮೇಲಿಟ್ಟು ಹೊಲಿಗೆಯ ಗೆರೆಯ ಮೇಲೆ ಎರಡು ಮೂರು ಸೆಕೆಂಡು ಒತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ, ಹೊಲಿಗೆಯ ಸಣ್ಣ ಸೆಳೆತ ಹೋಗುತ್ತದೆ. ಈ ಹಂತವನ್ನು ಬಿಡುವವರೇ ಹೆಚ್ಚು, ಮಡಿಕೆ ಉಳಿಯುವುದು ಇದನ್ನು ಬಿಟ್ಟದ್ದರಿಂದಲೇ. ಗಾಢ ಬಣ್ಣದ ತುಂಡು ಮೇಲೆ ಬರುವಂತೆ ಇಟ್ಟು, ಅದನ್ನು ಬೆರಳಿನಿಂದ ತೆರೆದು, ಪೆಟ್ಟಿಗೆಯ ಮೂತಿಯನ್ನು ಹೊಲಿಗೆಯ ಗುಳಿಗೆ ತಾಗಿಸಿ ಇಳಿಸಿ. ಮೂರರಿಂದ ಐದು ಸೆಕೆಂಡು. ಎತ್ತಿ, ಮುಂದಿನ ಜಾಗಕ್ಕೆ ಇಡಿ, ಎಳೆಯಬೇಡಿ. ಮಾರ್ಜಿನ್ ತಾನಾಗಿ ಗಾಢ ಬಣ್ಣದ ಕೆಳಗೆ ಹೋಗುತ್ತದೆ, ತಿಳಿ ಬಣ್ಣದೊಳಗಿಂದ ನೆರಳಾಗಿ ಕಾಣುವುದಿಲ್ಲ. ಬಿಸಿ ಇರುವಾಗ ತುಂಡನ್ನು ಎತ್ತಿ ನೇತಾಡಿಸದೆ ಅಲ್ಲೇ ಆರಲು ಬಿಡಿ.

ಎಳೆಯಬಾರದೆಂಬುದಕ್ಕೆ ಕಾರಣ ನೇಯ್ಗೆಯಲ್ಲಿದೆ. ಹಾಸಿನ ದಿಕ್ಕಿಗೆ ಬಟ್ಟೆ ಹಿಗ್ಗುವುದಿಲ್ಲ, ಹೊಕ್ಕಿನ ದಿಕ್ಕಿಗೆ ಸ್ವಲ್ಪ ಹಿಗ್ಗುತ್ತದೆ, ಕ್ರಾಸ್ ಆಗಿ ಕತ್ತರಿಸಿದ ಅಂಚು ರಬ್ಬರಿನ ಹಾಗೆ ಹಿಗ್ಗುತ್ತದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಮಾಡಿದ ತ್ರಿಕೋನದ ಉದ್ದ ಬದಿ ಪೂರ್ತಿ ಕ್ರಾಸ್. ಅದರ ಮೇಲೆ ಬಿಸಿ ಪೆಟ್ಟಿಗೆ ಎಳೆದರೆ, ಅದರಲ್ಲೂ ಹಬೆ ಬಿಟ್ಟು ಎಳೆದರೆ, ಚೌಕ ಮತ್ತೆ ಚೌಕವಾಗುವುದಿಲ್ಲ. ತ್ರಿಕೋನಗಳಿಗೆ ಒಣ ಶಾಖ, ನೇರ ಒತ್ತು, ಅಷ್ಟೇ. ಹಳೆ ಸೀರೆಯ ಸವೆದ ಬಟ್ಟೆಗಾದರೆ ಕತ್ತರಿಸುವ ಮೊದಲೇ ತೆಳು ಗಂಜಿ ಹಾಕಿ. ಅನ್ನ ಬಸಿದ ಗಂಜಿ ಒಂದು ಲೋಟಕ್ಕೆ ಮೂರು ಲೋಟ ನೀರು ಬೆರೆಸಿ, ಸೋಸಿ, ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ, ತುಸು ತೇವವಿರುವಾಗ ಹಿಂಬದಿಯಿಂದ ಒತ್ತಿ. ಗಂಜಿ ಹಸಿಯಾಗಿದ್ದಾಗ ಒತ್ತಿದರೆ ಅದು ಬಟ್ಟೆಗೆ ಹೋಗುವ ಬದಲು ತಳಕ್ಕೆ ಹತ್ತಿ ಕಂದುತ್ತದೆ. ಕೌದಿ ಮುಗಿದ ಮೇಲೆ ಒಗೆದು ಗಂಜಿ ತೆಗೆಯಿರಿ, ಇಲ್ಲವಾದರೆ ಟ್ರಂಕಿನಲ್ಲಿಟ್ಟಾಗ ಹುಳು ಬರುತ್ತದೆ.

ಸಾಲುಗಳನ್ನು ಒತ್ತುವಾಗ ಒಂದನೆಯ ಸಾಲಿನ ಮಾರ್ಜಿನ್‌ಗಳೆಲ್ಲ ಎಡಕ್ಕೆ, ಎರಡನೆಯದರವು ಬಲಕ್ಕೆ ಇರಲಿ. ಎರಡೂ ಸಾಲು ಕೂಡಿಸುವಾಗ ಹೊಲಿಗೆಗಳು ಒಂದಕ್ಕೊಂದು ತಡೆದು ನಿಲ್ಲುತ್ತವೆ, ಮೂಲೆ ತಪ್ಪುವುದಿಲ್ಲ.

ಬಟ್ಟೆ ಯಾವುದು, ಶಾಖ ಎಷ್ಟು

ಡಯಲಿನ ಒಂದು ಚುಕ್ಕೆ ಸುಮಾರು 110, ಎರಡು ಚುಕ್ಕೆ 150, ಮೂರು ಚುಕ್ಕೆ 200 ಡಿಗ್ರಿ ಸೆಲ್ಸಿಯಸ್. ಹೊಸ ಬಟ್ಟೆಗೆ ಇಷ್ಟು ಸಾಕು. ಕೌದಿಗೆ ಬರುವುದು ಹಳೆ ಸೀರೆ, ಧೋತರ, ಕುಪ್ಪಸ, ಮಕ್ಕಳ ಫ್ರಾಕು. ಒಂದೇ ಸೀರೆಯಲ್ಲಿ ಎರಡು ಬಗೆಯ ನೂಲಿರುತ್ತದೆ. ಇಳಕಲ್ ಸೀರೆಯ ಒಡಲು ಹತ್ತಿಯಾಗಿದ್ದರೂ ಸೆರಗು, ದಡಿ ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರಬಹುದು. ಗುಳೇದಗುಡ್ಡದ ಖಣದ ಹೆಸರಲ್ಲಿ ಮಾರುಕಟ್ಟೆಯಲ್ಲಿ ಪಾಲಿಯೆಸ್ಟರ್ ಖಣವೂ ಸಿಗುತ್ತದೆ. ಅನುಮಾನವಿದ್ದರೆ ಒಂದು ಎಳೆ ಎಳೆದು ತಟ್ಟೆಯ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ ಇಲ್ಲವೇ ರೇಯಾನ್, ಕೂದಲು ಸುಟ್ಟ ವಾಸನೆಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಎರಡು ನೂಲಿನ ತುಂಡುಗಳು ಕೂಡಿರುವ ಕಡೆ ನಾಜೂಕು ನೂಲಿನ ಶಾಖವನ್ನೇ ಇಡಬೇಕು, ಹತ್ತಿಯ ತುಂಡಿಗೆ ಬೇಕಾದಷ್ಟು ಬಿಗಿ ನೀರು ಚಿಮುಕಿಸಿ ಪಡೆಯಬೇಕು. ಜರಿ ಇದ್ದರೆ ಹಿಂಬದಿಯಿಂದ, ಮೇಲೊಂದು ಬಟ್ಟೆ ಹಾಕಿ.

ಒಳಗೆ ಪಾಲಿಯೆಸ್ಟರ್ ವ್ಯಾಡಿಂಗ್ (ಮೆತ್ತನೆಯ ಒಳಪದರ) ಹಾಕಿದ ಮೇಲೆ ಕೌದಿಯ ಮೇಲೆ ಪೆಟ್ಟಿಗೆ ಇಡಲೇಬೇಡಿ. ಮೇಲಿನ ಹತ್ತಿ ತಡೆದುಕೊಂಡರೂ ಒಳಗಿನದು ಚಪ್ಪಟೆಯಾಗಿ ಹೆಪ್ಪುಗಟ್ಟುತ್ತದೆ, ಮತ್ತೆ ಉಬ್ಬುವುದಿಲ್ಲ.

ಗುರುತಿನ ಶಾಯಿಯ ವಿಚಾರವನ್ನು ಗಟ್ಟಿಯಾಗಿ ಹೇಳಲೇಬೇಕು, ಏಕೆಂದರೆ ಇಲ್ಲಿ ಆದ ತಪ್ಪಿಗೆ ಪರಿಹಾರವಿಲ್ಲ. ನೀರಿಗೆ ಹೋಗುವ ನೀಲಿ ಪೆನ್ನಿನ ಗೆರೆಯ ಮೇಲೆ ಬಿಸಿ ತಾಗಿದರೆ ಅದು ಶಾಶ್ವತವಾಗಿ ನಿಲ್ಲಬಹುದು. ಮೊದಲು ತಣ್ಣೀರಲ್ಲಿ ತೊಳೆದು ಆಮೇಲೆ ಒತ್ತಿ. ಶಾಖಕ್ಕೆ ಮಾಯವಾಗುವ ಪೆನ್ನಿನ ಗೆರೆ ಇಸ್ತ್ರಿಗೆ ಹೋದಂತೆ ಕಂಡರೂ ಕಡು ಚಳಿಯಲ್ಲಿ ಮತ್ತೆ ಮೂಡುತ್ತದೆ. ಹೊರದೇಶದ ಮಗಳಿಗೋ ಮೊಮ್ಮಗುವಿಗೋ ಕಳಿಸುವ ಕೌದಿಯಾದರೆ ಆ ಪೆನ್ನನ್ನು ಮಾರ್ಜಿನ್ನಿನ ಒಳಗೆ ಮಾತ್ರ ಬಳಸಿ. ಟೈಲರ್ ಚಾಕಿನಲ್ಲಿ ಮೇಣದ್ದೂ ಉಂಟು, ಅದು ಕರಗಿ ಜಿಡ್ಡಿನ ಗೆರೆ ಬಿಡುತ್ತದೆ. ಮಣ್ಣಿನ ಚಾಕೇ ಒಳ್ಳೆಯದು.

ತಳದ ಆರೈಕೆ

ಪ್ರತಿ ಸಲ ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು, ತಳ ಉಗುರುಬೆಚ್ಚಗಿರುವಾಗ ಒದ್ದೆ ಹತ್ತಿ ಬಟ್ಟೆಯಿಂದ ಒರೆಸಿ. ಇಷ್ಟನ್ನು ತಪ್ಪದೆ ಮಾಡಿದರೆ ಉಳಿದ ಉಪಾಯಗಳು ಬೇಕಾಗುವುದೇ ಕಡಿಮೆ.

ಗಂಜಿ ಕಂದಿ ಹಿಡಿದಿದ್ದರೆ, ತಳ ತಣ್ಣಗಾದ ಮೇಲೆ ಅಡುಗೆ ಸೋಡಾ ಎರಡು ಪಾಲು, ನೀರು ಒಂದು ಪಾಲು ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ. ಇದು ಸ್ಟೀಲಿಗೂ ಅಲ್ಯೂಮಿನಿಯಂಗೂ ಸರಿ. ಹಬೆಯ ತೂತಿಗೆ ಹೋದದ್ದನ್ನು ಒದ್ದೆ ಇಯರ್ ಬಡ್‌ನಿಂದ ತೆಗೆಯಿರಿ. ಪುಡಿ ಉಪ್ಪನ್ನು ಕಾಗದದ ಮೇಲೆ ಹರಡಿ ಬಿಸಿ ಪೆಟ್ಟಿಗೆ ಉಜ್ಜುವ ಹಳೆಯ ಉಪಾಯವನ್ನು ನಾನ್‌ಸ್ಟಿಕ್‌ಗೆ ಮಾಡಬೇಡಿ, ಅದಕ್ಕೆ ಒದ್ದೆ ಬಟ್ಟೆ ಮತ್ತು ಪಾತ್ರೆ ತೊಳೆಯುವ ಲಿಕ್ವಿಡಿನ ಎರಡು ಹನಿ ಮಾತ್ರ. ಕರಗಿದ ಸಿಂಥೆಟಿಕ್ ಅಂಟಿಕೊಂಡಿದ್ದರೆ ಚಾಕುವಿನಿಂದ ಕೆರೆಯದೆ, ಪೆಟ್ಟಿಗೆಯನ್ನು ಹದವಾಗಿ ಬಿಸಿ ಮಾಡಿ, ಅದು ಮೆತ್ತಗಾದಾಗ ಮರದ ಚಮಚದಿಂದ ತಳ್ಳಿ, ಮಡಚಿದ ದಪ್ಪ ಹತ್ತಿಗೆ ಒರೆಸಿ. ಮೇಣದಬತ್ತಿ ಉಜ್ಜುವುದು ನಮ್ಮ ಕೆಲಸಕ್ಕೆ ಹೇಳಿದ್ದಲ್ಲ. ಮೇಣ ಮುಂದಿನ ತಿಳಿ ಬಣ್ಣದ ತುಂಡಿಗೆ ಇಳಿಯುತ್ತದೆ.

ಬಿಸಿಗೆ ಅಂಟುವ ಫ್ಯೂಸಿಂಗ್ ಬಟ್ಟೆಯನ್ನು ಅಂಟಿಸುವಾಗ ಮೇಲೆ ಕೆಳಗೆ ಬೇಕಿಂಗ್‌ಗೆ ಬಳಸುವ ಸಿಲಿಕಾನ್ ಲೇಪದ ಕಾಗದ ಹಾಕಿ. ಅಂಟಿನ ಬದಿ ಯಾವುದೆಂದು ಬೆರಳಾಡಿಸಿ ನೋಡಿ, ಒರಟಾಗಿ ಹೊಳೆಯುವುದೇ ಅಂಟು. ತಳ ಹಾಳಾಗುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ.

ನೀರು

ಹಬೆಯ ಪೆಟ್ಟಿಗೆ ಸಾಯುವುದು ಬೋರ್‌ವೆಲ್ ನೀರಿನಿಂದ. ಗಡಸು ನೀರು ಕುದಿದಾಗ ಅದರೊಳಗಿನ ಸುಣ್ಣ ಹಬೆಯ ಕೋಣೆಯಲ್ಲಿ ಪದರಗಟ್ಟುತ್ತದೆ, ಆಮೇಲೆ ಬಿಳಿ ಪುಡಿಯಾಗಿ ಹೊರಗೆ ಉಗುಳುತ್ತದೆ. ನಲ್ಲಿ ನೀರಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ. ಬ್ಯಾಟರಿ ಅಂಗಡಿಯಿಂದ ತರುವುದಾದರೆ ಸೀಲ್ ಇರುವ ಡಿಸ್ಟಿಲ್ಡ್ ವಾಟರ್ ಎಂದು ಓದಿ ತನ್ನಿ, ಅಲ್ಲೇ ಆ್ಯಸಿಡ್ಡೂ ಮಾರುತ್ತಾರೆ. ಪನ್ನೀರು, ಸುಗಂಧ, ಗಂಜಿ, ವಿನಿಗರ್ ಯಾವುದನ್ನೂ ತೊಟ್ಟಿಗೆ ಹಾಕಬಾರದು.

ಸುಣ್ಣ ಹೊರಹಾಕುವ ಕ್ಯಾಲ್ಕ್ ಕ್ಲೀನ್ ಗುಂಡಿ ಇರುವ ಪೆಟ್ಟಿಗೆಯನ್ನು ಹದಿನೈದು ದಿನಕ್ಕೊಮ್ಮೆ ಹೀಗೆ ತೊಳೆಯಿರಿ: ತೊಟ್ಟಿ ತುಂಬಿಸಿ, ಹಬೆ ಸೊನ್ನೆಗಿಟ್ಟು, ಪೂರ್ತಿ ಬಿಸಿ ಮಾಡಿ, ದೀಪ ಆರಿದ ಮೇಲೆ ಪ್ಲಗ್ ತೆಗೆದು, ಸಿಂಕಿನ ಮೇಲೆ ಅಡ್ಡ ಹಿಡಿದು ಗುಂಡಿ ಒತ್ತಿ ಹಿಂದೆ ಮುಂದೆ ಅಲುಗಿಸಿ. ಕುದಿನೀರು, ಸುಣ್ಣದ ಚೂರು ಬೀಳುತ್ತವೆ, ಕೈ ದೂರವಿರಲಿ. ಆಮೇಲೆ ಮತ್ತೆ ಬಿಸಿ ಮಾಡಿ ಹಳೆ ಬಟ್ಟೆಯ ಮೇಲೆ ಓಡಿಸಿ ಒಣಗಿಸಿ.

ಹಬೆಯ ಬದಲು ನೀರು ತೊಟ್ಟಿಕ್ಕುತ್ತಿದ್ದರೆ ಪೆಟ್ಟಿಗೆ ಕೆಟ್ಟಿದೆ ಎಂದುಕೊಳ್ಳುವ ಮೊದಲು ಡಯಲ್ ನೋಡಿ. ಶಾಖ ಕಡಿಮೆ ಇದ್ದರೆ ನೀರು ಹಬೆಯಾಗದೆ ಹಾಗೇ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ತೊಟ್ಟಿ ಖಾಲಿ ಮಾಡಿಯೇ ಇಡಿ.

ಕೆಟ್ಟಾಗ

ವೈರ್ ಅಲುಗಿಸಿದಾಗ ದೀಪ ಮಿನುಗಿದರೆ ವೈರಿನ ಬುಡದಲ್ಲಿ ಎಳೆ ತುಂಡಾಗಿದೆ. ಟೇಪ್ ಸುತ್ತಿ ನಡೆಸಬೇಡಿ, ಬದಲಾಯಿಸಿ. 6 ಆಂಪಿಯರ್ ಒಳಗಿನ ಪೆಟ್ಟಿಗೆಗೆ 0.75 ಚದರ ಮಿ.ಮೀ., 10ರ ಒಳಗಿನದಕ್ಕೆ 1.0, ಅದಕ್ಕೂ ಮೇಲಿನದಕ್ಕೆ 1.5ರ ಮೂರು ಎಳೆಯ ಇಸ್ತ್ರಿ ವೈರ್ ಬೇಕು. ವೈರನ್ನು ಬಿಸಿ ಪೆಟ್ಟಿಗೆಗೆ ಬಿಗಿದು ಸುತ್ತಿಡುವುದೇ ಅದು ಬೇಗ ಸಾಯಲು ಕಾರಣ. ತಣ್ಣಗಾದ ಮೇಲೆ ಸಡಿಲವಾಗಿ ಸುತ್ತಿ.

ಮುಟ್ಟಿದರೆ ಜುಮ್ಮೆಂದರೆ ಆ ಕ್ಷಣವೇ ಪ್ಲಗ್ ತೆಗೆಯಿರಿ. ಎಲಿಮೆಂಟಿನಿಂದ ಕರೆಂಟು ತಳಕ್ಕೆ ಸೋರುತ್ತಿದೆ, ಅದರ ಜೊತೆ ಅರ್ಥಿಂಗೂ ಕಡಿದಿದೆ. ಪ್ಲಗ್ ಹೊರಗಿರುವಾಗ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ದಪ್ಪ ಪಿನ್ನಿನಿಂದ (ಅರ್ಥಿಂಗಿನ ಪಿನ್) ತಳದ ಲೋಹಕ್ಕೆ ಅಳೆದರೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಲೇಪವಿರುವ ತಳದಲ್ಲಿ ಲೋಹ ಕಾಣುವ ಸ್ಕ್ರೂವಿಗೆ ಮುಟ್ಟಿಸಿ. ಪೆಟ್ಟಿಗೆಯಲ್ಲಿ ಅರ್ಥಿಂಗ್ ಸರಿ ಇದ್ದರೆ ಅದು ಕಡಿದಿರುವುದು ಗೋಡೆಯ ಸಾಕೆಟ್ಟಿನ ಕಡೆ, ಎಲೆಕ್ಟ್ರಿಷಿಯನ್ ಕರೆಸಿ ಎರಡನ್ನೂ ನೋಡಿಸಿ.

ದೀಪ ಆರುವುದೇ ಇಲ್ಲ, ಬಿಸಿ ಏರುತ್ತಲೇ ಇದೆ ಎಂದರೆ ಥರ್ಮೋಸ್ಟಾಟಿನ ಪಾಯಿಂಟುಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಥರ್ಮೋಸ್ಟಾಟ್ ಬದಲಾಗಬೇಕು. ಪೆಟ್ಟಿಗೆ ಸ್ವಲ್ಪವೂ ಬಿಸಿಯಾಗದಿದ್ದರೆ ವೈರ್, ಥರ್ಮಲ್ ಫ್ಯೂಸ್, ಎಲಿಮೆಂಟ್ ಈ ಕ್ರಮದಲ್ಲಿ ನೋಡುತ್ತಾರೆ. ಫ್ಯೂಸ್ ಹೋಗಿದ್ದರೆ ಅದನ್ನು ತೆಗೆದು ವೈರನ್ನು ನೇರ ಜೋಡಿಸಿ ಕೊಡುವ ರಿಪೇರಿಯವರೂ ಇದ್ದಾರೆ. ಒಪ್ಪಬೇಡಿ, ಥರ್ಮೋಸ್ಟಾಟ್ ಕೈಕೊಟ್ಟಾಗ ಬೆಂಕಿ ತಡೆಯುವುದು ಆ ಫ್ಯೂಸ್ ಒಂದೇ. ತಳದೊಳಗೇ ಎಲಿಮೆಂಟ್ ಎರಕ ಹೊಯ್ದಿರುವ ಹೊಸ ಮಾದರಿಗಳಲ್ಲಿ ಎಲಿಮೆಂಟ್ ಸುಟ್ಟರೆ ತಳವನ್ನೇ ಬದಲಿಸಬೇಕು, ಹೊಸದು ಕೊಳ್ಳುವುದೇ ಅಗ್ಗವಾಗಬಹುದು. ಮೈಕಾ ಹಾಳೆಯ ಎಲಿಮೆಂಟ್ ಇರುವ ಹಳೆ ಪೆಟ್ಟಿಗೆ ಮನೆಯಲ್ಲಿದ್ದರೆ ಎಸೆಯಬೇಡಿ. ಅದರ ಎಲಿಮೆಂಟ್ ಬೇರೆಯಾಗಿ ಸಿಗುತ್ತದೆ, ಒಂದೇ ಸಂಜೆಯಲ್ಲಿ ಬದಲಾಗುತ್ತದೆ, ತಳವೂ ದಪ್ಪ, ತೂಕವೂ ಸರಿಯಾಗಿರುತ್ತದೆ.